ಚಿಕ್ಕಪ್ಪ ಟೊಮೇಟೋವನ್ನು ಗಡೀಪಾರು ಮಾಡಿದ್ದು

ಪೋರ್ಚುಗೀಸರ ಹಡಗು ನಮ್ಮ ದಡಕ್ಕೆ ಬಂದ ದಿನ ಅಲ್ಲಿ ನಮ್ಮ ಚಿಕ್ಕಪ್ಪ ನಿಂತಿದ್ದಿದ್ದರೆ ಇವತ್ತು ನೀವು ಮಸಾಲೆ ವಡೆಗೆ ಹಸಿಮೆಣಸಿನಕಾಯಿ ಹಾಕುತ್ತಿರಲಿಲ್ಲ. ಅವರನ್ನು ಇಳಿಯುವುದಕ್ಕೇ ಬಿಡುತ್ತಿರಲಿಲ್ಲ ಚಿಕ್ಕಪ್ಪ! "ಯಾವೂರು? ಯಾರ ಕಡೆಯೋರು? ಮೂಟೇಲೇನೈತೆ, ಬಿಚ್ಚು" ಎಂದು ಬಿಚ್ಚಿಸಿ, ಮೆಣಸಿನಕಾಯಿ, ಗೋಡಂಬಿ, ಪರಂಗಿ ಹಣ್ಣು ಎಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿ, ವಾಪಸ್ ಹಡಗಿಗೆ ತುಂಬಿಸಿ, "ಓಗ್ಬನ್ನಿ" ಎಂದು ಕೈಮುಗಿದು ಕಳಿಸುತ್ತಿದ್ದರು. ದೇಶದ ದುರದೃಷ್ಟ, ಚಿಕ್ಕಪ್ಪ ಹುಟ್ಟಿದ್ದು ನಾನೂರೈನೂರು ವರ್ಷ ತಡವಾಗಿ. ಅದೂ ಸಮುದ್ರವೇ ಇಲ್ಲದ ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ.

ಅತಿ ಮಾಡುತ್ತಿದ್ದೇನೆ ಅಂದುಕೊಂಡಿರಾ? ಹಾಗಾದರೆ ನೀವು ನಮ್ಮ ಚಿಕ್ಕಪ್ಪನ ಪಕ್ಕದಲ್ಲಿ ಕೂತು ಊಟ ಮಾಡಿಲ್ಲ. ಪುಣ್ಯವಂತರು.

ಚಿಕ್ಕಪ್ಪ ಅಂದರೆ ನಮ್ಮಪ್ಪನ ತಮ್ಮ. ಅರ್ಧ ಎಕರೆ ಟೊಮೇಟೋ, ಕೊಟ್ಟಿಗೆಯಲ್ಲಿ ಒಂದು ಸೀಮೆ ಹಸು, ಅಡುಗೆಮನೆಯಲ್ಲಿ ಚಿಕ್ಕಮ್ಮ, ಇಷ್ಟು ಅವರ ಸಾಮ್ರಾಜ್ಯ. ತೋಟ, ಹಸು, ಅಡುಗೆ ಮೂರನ್ನೂ ನೋಡಿಕೊಳ್ಳುವವಳು ಚಿಕ್ಕಮ್ಮ. ಚಿಕ್ಕಪ್ಪನದು ಮೇಲ್ವಿಚಾರಣೆ. ಚಿಕ್ಕಮ್ಮ ಕೋಲಾರದ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಗಣಿ ಕೂಲಿಗಳ ಸಾಲುಮನೆಗಳ ಲೈನಿನಲ್ಲಿ ಹುಟ್ಟಿ ಬೆಳೆದವಳು. ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಚಿಕ್ಕಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಆ ಲೈನುಗಳಿಗೆ ಹಾಲು ಹಾಕುತ್ತಿದ್ದರು. ಹಾಲಿಗೆ ನೀರು ಬೆರೆಸಿದ್ದೀಯ ಅಂತ ಬೀದಿಯಲ್ಲಿ ನಿಂತು ತಮಿಳಿನಲ್ಲಿ ಬೈದ ಹುಡುಗಿಯನ್ನೇ ಮದುವೆಯಾದರು. ಬೇರೆ ದಾರಿ ಇರಲಿಲ್ಲವೇನೋ! ಆ ಹುಡುಗಿ ಈಗ ನಮ್ಮ ಕಡೆಯ ಕನ್ನಡವನ್ನು ನಮಗಿಂತ ಚೆನ್ನಾಗಿ ಬೈಯುತ್ತಾಳೆ. ತಮಿಳು ಹಸುವಿನ ಹತ್ತಿರ ಮಾತ್ರ.

ನಾನು ಅದೇ ಗಣಿ ಊರಿನ ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ಭೂಪಟ, ಹಡಗು, ವ್ಯಾಪಾರ, ವಸಾಹತು ಎಲ್ಲಾ ನನ್ನ ಸಿಲೆಬಸ್ಸು. ಹಾಗಾಗಿ ಚಿಕ್ಕಪ್ಪನ ಲೆಕ್ಕದಲ್ಲಿ ನಾನು ಏನೂ ಗೊತ್ತಿಲ್ಲದವಳು. "ಬುಕ್ಕಲ್ಲಿರೋದು ಓದ್ಕೊಂಡು ಬಂದಿದೀಯ, ಪಾಪ" ಎಂದು ನನ್ನ ತಲೆ ಸವರುತ್ತಾರೆ. ಅವರ ಜ್ಞಾನ ಫೋನಿನಿಂದ ಬಂದದ್ದು.

ಆ ಜ್ಞಾನಕ್ಕೆ ಮೂಲ ಕೆಚ್ಚಲು ಬಾವು. ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಏನು ಮಾಡಬೇಕೆಂದು ಚಿಕ್ಕಪ್ಪ ಫೋನಿನಲ್ಲಿ ವಿಡಿಯೋ ನೋಡಲು ಕೂತರು. ಅದು ಮುಗಿದ ಕೂಡಲೇ, ಯಾರೂ ಕೇಳದೆ ಇನ್ನೊಂದು ಶುರುವಾಯಿತು. ಕನ್ನಡಕದ ಮನುಷ್ಯನೊಬ್ಬ ತೆಲುಗಿನಲ್ಲಿ "ಮೀರು ತಿನೇದಿ ಮೀದಿ ಕಾದು", ನೀವು ತಿನ್ನುತ್ತಿರುವುದು ನಿಮ್ಮದಲ್ಲ ಎಂದು ಚಿಕ್ಕಪ್ಪನ ಕಡೆಗೇ ಬೆರಳು ತೋರಿಸಿದ. ಚಿಕ್ಕಪ್ಪ ಬೆಚ್ಚಿದರು. ಅದರ ಬೆನ್ನಿಗೇ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಯಾವ ಬೀಜ ಯಾವ ಹಡಗಿನಲ್ಲಿ ಬಂತು, ಯಾವ ರಾಣಿ ಯಾವ ಎಲೆಗೆ ಆಸೆಪಟ್ಟಳು, ಸಕ್ಕರೆಗಾಗಿ ಯಾರನ್ನು ಯಾರು ಯಾವ ದ್ವೀಪಕ್ಕೆ ಹೊತ್ತೊಯ್ದರು, ಆಧುನಿಕ ಪ್ರಪಂಚದ ಅಷ್ಟೂ ಚರಿತ್ರೆ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಕೂತ ಚಿಕ್ಕಪ್ಪನ ಕಿವಿಗೆ ಬಿತ್ತು. ಹಸುವಿನ ಬಾವನ್ನು ಚಿಕ್ಕಮ್ಮ ಡಾಕ್ಟರನ್ನು ಕರೆಸಿ ವಾಸಿ ಮಾಡಿಸಿದಳು. ಚಿಕ್ಕಪ್ಪನಿಗೆ ಹತ್ತಿದ್ದು ಯಾವ ಡಾಕ್ಟರಿಗೂ ಜಗ್ಗುವಂಥದ್ದಾಗಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಸಾರಿಗೆ. ಅವತ್ತು ನಾನೂ ಅಲ್ಲೇ ಇದ್ದೆ. ಬಿಸಿ ಮುದ್ದೆ, ಟೊಮೇಟೋ ಸಾರು. ಚಿಕ್ಕಪ್ಪ ಸಾರಿನೊಳಗೆ ಇಣುಕಿ ನೋಡಿದರು.

"ಏನೇ ಇದು?"

"ಸಾರು" ಅಂದಳು ಚಿಕ್ಕಮ್ಮ.

"ಸಾರಲ್ಲ ಕಣೇ. ಮೆಕ್ಸಿಕೋ!"

"ಮೆಕ್ಸಿಕೋನೋ ಗಿಕ್ಸಿಕೋನೋ, ಆರೋಗ್ತದೆ ತಿನ್ನು."

"ಟೊಮೇಟೋ ನಮ್ದಲ್ಲ. ಮೆಣಸಿನಕಾಯಿ ನಮ್ದಲ್ಲ. ನಮ್ಮಜ್ಜಿ ಅಜ್ಜಿ ಅವರಜ್ಜಿ ಇದನ್ನ ಕಂಡೇ ಇರ್ಲಿಲ್ಲ. ಇನ್ಮೇಲೆ ಈ ಮನೆಯೊಳಗೆ ಪರದೇಶದ್ದು ಬೇಯಂಗಿಲ್ಲ."

ಚಿಕ್ಕಮ್ಮ ವಾದ ಮಾಡಲಿಲ್ಲ. ಸಾರನ್ನು ಅವರ ಮುಂದಿನಿಂದ ಎತ್ತಿ ನನಗೆ ಬಡಿಸಿದಳು. ಚಿಕ್ಕಪ್ಪ ಬರೀ ಮುದ್ದೆಯನ್ನು ಮಜ್ಜಿಗೆಗೆ ಅದ್ದಿಕೊಂಡು, ದೇಶಕ್ಕಾಗಿ ಜೈಲಿಗೆ ಹೋದವರ ಮುಖ ಮಾಡಿಕೊಂಡು ನುಂಗಿದರು.

ಮಾರನೆಯ ದಿನದಿಂದ ಆ ಮನೆಯಲ್ಲಿ ಕರಿಮೆಣಸಿನ ರಾಜ್ಯ. ಮೆಣಸಿನ ಸಾರು, ಮೆಣಸಿನ ಪಲ್ಯ, ಮೆಣಸಿನ ಮಜ್ಜಿಗೆ. ಆಲೂಗಡ್ಡೆ ಪೆರು ದೇಶಕ್ಕೆ ಹೋಯಿತು. ಕಡಲೆಕಾಯಿ, ಗೋಡಂಬಿ, ಸೀಬೆಹಣ್ಣು ಎಲ್ಲಾ ಮೂಟೆ ಕಟ್ಟಿದವು. "ನಮ್ ಬಾಷೇನೇ ಸಾಕ್ಷಿ ಕಣಮ್ಮ" ಎಂದು ನನಗೆ ಪಾಠ ಹೇಳಿದರು. "ಪರಂಗಿ ಅಣ್ಣು. ಎಸ್ರಲ್ಲೇ ಪರಂಗಿ! ಸೀಮೆಬದನೆಕಾಯಿ. ಎಸ್ರಲ್ಲೇ ಸೀಮೆ! ಕಳ್ಳ ತನ್ನ ಎಸ್ರು ಏಳ್ಕೊಂಡೇ ಒಳಗೆ ಬಂದವ್ನೆ. ನಾವು ಬಾ ಕೂತ್ಕೊ, ಸಾಂಬಾರಲ್ಲಿ ಬೀಳು ಅಂದಿದೀವಿ."

ಇಷ್ಟೆಲ್ಲಾ ಹೇಳುವಾಗ ಅವರ ಬೆರಳ ನಡುವೆ ಏನಿತ್ತು ಗೊತ್ತೆ? ಬೀಡಿ. ಚಿಕ್ಕಮ್ಮ ಅದನ್ನೇ ಕಾಯುತ್ತಿದ್ದಳು.

"ಒಗೆಸೊಪ್ಪು ಎಲ್ಲೀದು ಸಾಮಿ?"

ಒಂದು ಕ್ಷಣ ಜಗತ್ತಿನ ಚರಿತ್ರೆ ಸ್ತಬ್ಧವಾಯಿತು. ಹೊಗೆಸೊಪ್ಪು ಅಮೆರಿಕದ್ದು ಎಂದು ಕನ್ನಡಕದ ಮನುಷ್ಯ ಹೇಳಿದ್ದ, ಅವರು ಕೇಳಿದ್ದರು. ನಾನು, ಚಿಕ್ಕಮ್ಮ ಇಬ್ಬರೂ ಉಸಿರು ಹಿಡಿದು ಕೂತೆವು. ಬೀಡಿ ಬಿಡಿಸಿದರೆ ಈ ಹುಚ್ಚಿನಿಂದ ಅಷ್ಟಾದರೂ ಲಾಭ!

ಚಿಕ್ಕಪ್ಪ ಜೋರಾಗಿ ಒಂದು ದಮ್ಮು ಎಳೆದರು. "ಎಲೆ ನಮ್ದೇಶದ್ದು. ಒಳಗಡೆ ಇರೋದು ಪರದೇಶದ್ದು. ಅದಕ್ಕೇ ದಿನಾ ಸುಟ್ಟಾಕ್ತಿದೀನಿ."

ಮೂಗಿನಿಂದ ಹೊಗೆ ಬಿಟ್ಟರು. ವಿದೇಶಿ ವಸ್ತು ದಹನವಾಯಿತು.

ಇನ್ನು ಹೊಲದಲ್ಲಿರುವ ಟೊಮೇಟೋ? ನಮ್ಮ ಕಡೆ ಮಣ್ಣಿಗೆ ಕೈ ಹಾಕಿದರೆ ಟೊಮೇಟೋ ಬರುತ್ತದೆ. ಚಿಕ್ಕಪ್ಪನ ಅನ್ನ ಬರುವುದೂ ಅದರಿಂದಲೇ. ನಾನು ಕೇಳಿಯೇ ಬಿಟ್ಟೆ, "ತಿನ್ನಬಾರದ್ದನ್ನ ಬೆಳೆಯೋದು ಯಾಕೆ ಚಿಕ್ಕಪ್ಪ?"

"ಬೆಳೆದು ಏನ್ಮಾಡ್ತೀನಿ? ಮಾರ್ಕೆಟ್ಟಿಗೆ ಆಕ್ತೀನಿ. ಅಲ್ಲಿಂದ ಲಾರೀಲಿ ಎಲ್ಲಿಗೋಗ್ತದೆ? ದೇಶದ ಗಡಿ ತನಕ ಓಗ್ತದೆ. ವಾಪಸ್ ಕಳ್ಸೋ ಕೆಲ್ಸಾನೇ ಕಣಮ್ಮ ನಾನು ಮಾಡ್ತಿರೋದು!"

"ಮತ್ತೆ ಈ ಸೀಮೆ ಹಸು?"

"ಅದು ನಮ್ ಕೊಟ್ಟಿಗೇಲೇ ಉಟ್ಟಿರೋದು. ಇಲ್ಲಿ ಉಟ್ಟಿದ್ ಮೇಲೆ ಅದು ನಮ್ದೇ."

"ಆ ಟೊಮೇಟೋ ಗಿಡ ಎಲ್ಲಿ ಉಟ್ತಪ್ಪಾ, ಮೆಕ್ಸಿಕೋದಾಗಾ?" ಒಳಗಿನಿಂದ ಚಿಕ್ಕಮ್ಮನ ದನಿ.

"ಅದು ಬೇರೆ" ಅಂದರು ಚಿಕ್ಕಪ್ಪ. ದೊಡ್ಡ ದೊಡ್ಡ ಚರಿತ್ರಕಾರರೆಲ್ಲ ಇಕ್ಕಟ್ಟಿಗೆ ಸಿಕ್ಕಾಗ ಹೀಗೇ ಹೇಳುತ್ತಾರೆಂದು ಕಾಣುತ್ತದೆ.

ಮನೆಯೊಳಗೆ ಎಷ್ಟು ಜನರಿಗೆ ಪಾಠ ಹೇಳುವುದು? ಒಂದು ಹೆಂಡತಿ, ಒಂದು ಹಸು. ಚಿಕ್ಕಪ್ಪ ರೈಲು ಹತ್ತಿದರು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಗಾಡಿಯಲ್ಲಿ ನನ್ನ ಮನೆಗೆ ಬರುವ ನೆಪ. ಒಂದು ಭಾನುವಾರ ನಾನೂ ಅದೇ ಡಬ್ಬಿಯಲ್ಲಿದ್ದೆ. ಪರಿಚಯವಿಲ್ಲದವಳ ಹಾಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಚಿಕ್ಕಪ್ಪ ಎದುರಿನವನ ಅಂಗಿಯ ಗುಂಡಿಯಿಂದ ಶುರುಮಾಡಿದರು. ಗುಂಡಿ ಯಾರದು, ಪ್ಯಾಂಟು ಯಾರದು, ಪಕ್ಕದವರು ಬಿಡಿಸುತ್ತಿದ್ದ ಕಡಲೆಕಾಯಿ ಯಾರದು. ಕಡಲೆಕಾಯಿಯವರು ಪಾಪ, ಕದ್ದ ಮಾಲು ಸಿಕ್ಕಿಬಿದ್ದವರ ಹಾಗೆ ಪೊಟ್ಟಣ ಮಡಚಿಟ್ಟುಕೊಂಡರು.

"ನಮ್ ಗಣಿ ಚಿನ್ನ ಒತ್ಕೊಂಡೋದ್ರು. ಬದ್ಲಿಗೆ ಏನ್ ಕೊಟ್ಟೋದ್ರು? ಮೆಣಸಿನಕಾಯಿ!" ಎಂದು ಚಿಕ್ಕಪ್ಪ ಡಬ್ಬಿಗೆಲ್ಲಾ ಕೇಳುವಂತೆ ಕೂಗಿದರು.

ಮೇಷ್ಟ್ರ ಚಪಲ ನೋಡಿ, ಪರಿಚಯವಿಲ್ಲದವಳ ವೇಷ ಕಳಚಿತು. "ಚಿಕ್ಕಪ್ಪ, ಮೆಣಸಿನಕಾಯಿ ತಂದೋರು ಪೋರ್ಚುಗೀಸರು. ಚಿನ್ನ ತಗೊಂಡು ಹೋದೋರು ಇಂಗ್ಲಿಷರು."

"ಇಬ್ರೂ ಮೊದ್ಲೇ ಮಾತಾಡ್ಕೊಂಡಿರ್ತಾರೆ ಬಿಡಮ್ಮ."

ಮೂಲೆಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಕೇಳಿದಳು, "ಈ ರೈಲು ಆಕಿದ್ದೂ ಇಂಗ್ಲೀಷೋರೇ ಅಲ್ವಾ ಸಾಮಿ? ಇಳ್ಕೊಳ್ತೀರಾ?"

ಡಬ್ಬಿ ಗೊಳ್ಳೆಂದಿತು. ಚಿಕ್ಕಪ್ಪ ಜಗ್ಗುವವರೆ? "ಇಳಿಯಲ್ಲ! ನಮ್ ಚಿನ್ನ ಸಾಗ್ಸಕ್ಕೆ ಆಕಿದ ರೈಲಿದು. ಚಿನ್ನ ಓಯ್ತು, ರೈಲು ಉಳೀತು. ಅದಕ್ಕೇ ಕಾಲು ಚಾಚ್ಕೊಂಡು ಕೂತ್ಕೊಳೋ ಅಕ್ಕು ನಮಗೈತೆ" ಎಂದು ಎದುರು ಸೀಟಿನ ಮೇಲೆ ಕಾಲು ಚಾಚಿದರು. ಗುಂಡಿಯ ಮನುಷ್ಯ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ. ನಮ್ಮ ವಂಶದಲ್ಲಿ ಹುಚ್ಚರಿಗೆ ಕೊರತೆಯಿಲ್ಲ, ಒಬ್ಬೊಬ್ಬರ ಬಗ್ಗೆ ಬರೆಯುತ್ತಾ ಕೂತರೆ ನನ್ನ ಸರದಿ ಬರುವುದು ಯಾವಾಗ?

ಕೋರಮಂಡಲ್‌ನಲ್ಲಿ ಚಿಕ್ಕಮ್ಮನ ತಮ್ಮನ ಮಗಳಿಗೆ ಸೀಮಂತ. ಅದೇ ಹಳೆಯ ಲೈನು ಮನೆ. ಚಿಕ್ಕಮ್ಮನ ಅಮ್ಮ ಇನ್ನೂ ಅಲ್ಲೇ ಇದ್ದಾರೆ, ಕಣ್ಣು ಮಂಜಾಗಿದೆ, ದನಿ ಮಂಜಾಗಿಲ್ಲ. ಚಿಕ್ಕಮ್ಮ ಹಿಂದಿನ ದಿನವೇ ಹೋಗಿ ಅಡುಗೆಗೆ ನಿಂತಿದ್ದಳು. ಕೆಲವು ವಾರಗಳಿಂದ ಕರಿಮೆಣಸು ಕುಟ್ಟಿ ಕುಟ್ಟಿ ಸೋತ ಕೈ. ತವರುಮನೆಯ ಒಲೆ ಸಿಕ್ಕಿದ್ದೇ ತಡ, ಎಲ್ಲಾ ಸೇರಿಸಿ ಮಾಡಿದ್ದಳು. ಆಲೂಗಡ್ಡೆ ಪಲ್ಯ, ಹುರುಳಿಕಾಯಿ ಪಲ್ಯ, ಒಣಮೆಣಸಿನಕಾಯಿ ಹಾಕಿದ ಹುಳಿ, ಅವರ ಕೆಂಪಗೆ ಮಿರುಗುವ ಕಾರ ಕೊಳಂಬು, ಟೊಮೇಟೋ ರಸಂ, ಗೋಡಂಬಿ ತೇಲುವ ಪಾಯಸ. ಬಾಗಿಲಿಗೆ ಚೆಂಡುಹೂವಿನ ತೋರಣ. ನಾನೂ ಹೋಗಿದ್ದೆ. ಬಸುರಿ ಹುಡುಗಿಯ ಕೈತುಂಬ ಬಳೆ, ಮನೆ ತುಂಬ ನಗು.

ಚಿಕ್ಕಪ್ಪ ಬಂದವರೇ ತೋರಣ ನೋಡಿ "ಇದೂ ಮೆಕ್ಸಿಕೋದ್ದೇ" ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟಕ್ಕೆ ಕೂತರು. ಎಲೆ ತುಂಬಿತು. ಆಗ ಶುರುವಾಯಿತು ನೋಡಿ. ಆಲೂಗಡ್ಡೆ ಎಲೆಯ ಅಂಚಿಗೆ. ಹುರುಳಿಕಾಯಿ ಅದರ ಪಕ್ಕಕ್ಕೆ. ಪಾಯಸದಿಂದ ಗೋಡಂಬಿಯನ್ನು ಒಂದೊಂದಾಗಿ ಆರಿಸಿ ಹೊರಗೆ. ರಸಂ ಬಡಿಸಲು ಬಂದವರಿಗೆ ಅಡ್ಡ ಕೈ. ಪಂಕ್ತಿಯಲ್ಲಿ ಕೂತವರೆಲ್ಲಾ ತಾವು ತಿನ್ನುವುದು ಬಿಟ್ಟು ಇವರ ಎಲೆಯನ್ನೇ ನೋಡತೊಡಗಿದರು. ಕೊನೆಗೆ ನಡುವೆ ಉಳಿದದ್ದು ಒಂದು ಹಿಡಿ ಅನ್ನ, ಒಂದು ಚಮಚ ಮೊಸರು, ಉಪ್ಪು.

ಬಡಿಸುವ ಸದ್ದು ನಿಂತದ್ದು ಕೇಳಿ ಚಿಕ್ಕಮ್ಮನ ಅಮ್ಮ ಗೋಡೆ ಹಿಡಿದುಕೊಂಡು ಬಂದರು. "ಮಾಪ್ಳೆ, ಸಾಪ್ಪಾಡು ಪುಡಿಕ್ಕಲಿಯಾ?" ಅಳಿಯಂದಿರೇ, ಊಟ ಹಿಡಿಸಲಿಲ್ಲವಾ ಎಂದು ಕೇಳಿದರು.

"ಊಟಕ್ಕೇನಾಗೈತೆ ಅತ್ತೆ, ಚೆನ್ನಾಗೈತೆ" ಅಂದರು ಚಿಕ್ಕಪ್ಪ. "ಆದ್ರೆ ಇಲ್ಲಿರೋದು ಒಂದೂ ಇಲ್ಲೀದಲ್ಲ. ಎಲ್ಲಾ ಒರಗಿಂದ ಬಂದು ಕೂತಿರೋವೇ."

ಚಿಕ್ಕಪ್ಪ ಹೇಳಿದ್ದು ಆಲೂಗಡ್ಡೆಗೆ. ಆ ಲೈನಿನಲ್ಲಿ ಅವತ್ತು ಪಂಕ್ತಿಗೆ ಕೂತಿದ್ದವರ ಅಜ್ಜಂದಿರೆಲ್ಲಾ ಗಣಿಯ ಕೆಲಸಕ್ಕೆಂದು ಹೊರಗಿನಿಂದ ಬಂದವರು, ತಮಿಳು ಸೀಮೆಯಿಂದ, ಆಂಧ್ರದಿಂದ. ಗಣಿ ಮುಚ್ಚಿದ ಮೇಲೂ ಹೋಗಲು ಬೇರೆ ಊರಿಲ್ಲದೆ ಉಳಿದವರು. ಯಾರೋ ಲೋಟ ಕೆಳಗಿಟ್ಟ ಸದ್ದು. ಬಸುರಿ ಹುಡುಗಿ ತಲೆ ತಗ್ಗಿಸಿದಳು. ಚಿಕ್ಕಪ್ಪ ನಿಶ್ಚಿಂತೆಯಿಂದ ಮೊಸರನ್ನ ಕಲಸಿಕೊಂಡು ತಿಂದರು. ತಾವು ಏನು ಮಾಡಿದೆವೆಂಬುದೂ ಅವರಿಗೆ ಹೊಳೆಯಲಿಲ್ಲ.

ಸಂಜೆ ಸ್ಟೇಷನ್ನಿಗೆ ಹೊರಟಾಗ ಚಿಕ್ಕಮ್ಮ ಏಳಲಿಲ್ಲ.

"ಯಾಕೇ? ಗಾಡಿ ಬರೋ ಒತ್ತಾಯ್ತು."

"ನೀನೋಗು. ನಾನು ಬರಲ್ಲ."

"ಯಾವಾಗ ಬತ್ತೀಯ?"

"ಒರಗಿನೋಳು ನಾನು. ನನ್ ದೇಶಕ್ಕೆ ನಾನು ಬಂದಾಯ್ತು. ನೀನಿನ್ನು ನಿನ್ ದೇಶದಲ್ಲಿ ಅಚ್ಚುಕಟ್ಟಾಗಿರು."

ಚಿಕ್ಕಪ್ಪ ನಕ್ಕರು. ತಮಾಷೆ ಅಂದುಕೊಂಡರು! "ಎಲ್ಡು ದಿನ ಇದ್ದು ಬತ್ತಾಳೆ ಬಿಡು" ಎಂದು ನನಗೆ ಹೇಳಿ ಒಬ್ಬರೇ ರೈಲು ಹತ್ತಿದರು. ಎರಡು ದಿನ ಕಳೆಯಿತು. ವಾರ ಕಳೆಯಿತು. ಫೋನು ಮಾಡಿದರೆ ಚಿಕ್ಕಮ್ಮ ಎತ್ತುವುದಿಲ್ಲ. ಅವಳ ತಮ್ಮ ಎತ್ತಿ, "ಅಕ್ಕ ಮಲ್ಗವ್ಳೆ ಬಾವ" ಎಂದು ಹೇಳಿ ಇಡುತ್ತಾನೆ. ಬೆಳಿಗ್ಗೆ ಮಾಡಿದರೂ ಮಲಗಿದ್ದಾಳೆ, ಸಂಜೆ ಮಾಡಿದರೂ ಮಲಗಿದ್ದಾಳೆ.

ಇತ್ತ ಸ್ವದೇಶಿ ಸಾಮ್ರಾಜ್ಯದಲ್ಲಿ ದಂಗೆ. ಸೀಮೆ ಹಸು ಚಿಕ್ಕಪ್ಪನಿಗೆ ಕೆಚ್ಚಲು ಮುಟ್ಟಲು ಬಿಡುತ್ತಿರಲಿಲ್ಲ. ಕರುವಾಗಿದ್ದಾಗಿನಿಂದ ಅದು ಕೇಳಿದ್ದೆಲ್ಲಾ ಚಿಕ್ಕಮ್ಮನ ತಮಿಳು. ಕನ್ನಡದಲ್ಲಿ ಗದರಿಸಿದರೆ ಒದೆಯುತ್ತಿತ್ತು, ಕನ್ನಡದಲ್ಲಿ ಮುದ್ದು ಮಾಡಿದರೂ ಒದೆಯುತ್ತಿತ್ತು. ತಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ ಹಸುವಿನ ಮುಂದೆ ನಿಂತು ಚಿಕ್ಕಪ್ಪ, ಹಾಲು ಹಾಕುತ್ತಿದ್ದ ಕಾಲದಲ್ಲಿ ಕಲಿತ ಅಷ್ಟೋ ಇಷ್ಟೋ ತಮಿಳಿನಲ್ಲೇ ಬೇಡಿಕೊಂಡರಂತೆ. ಉಚ್ಚಾರಣೆ ಸರಿಯಿರಲಿಲ್ಲವೋ ಏನೋ, ಬಕೆಟ್ಟು ಉರುಳಿತು. ಕೊನೆಗೆ ಪಕ್ಕದ ಮನೆಯಾಕೆ ಬಂದು ಹಾಲು ಕರೆದುಕೊಟ್ಟಳು.

ಅಡುಗೆ? ಮೆಣಸಿನ ಸಾರು ಮಾಡುವುದು ಹೇಗೆಂದು ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಯಾವ ಪದಾರ್ಥ ಯಾವ ಖಂಡದಿಂದ ಬಂತೆಂದು ಗೊತ್ತು, ಅದು ನಮ್ಮ ಮನೆಯ ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿಲ್ಲ!

ಹೀಗಿರುವಾಗ ಒಂದು ಬೆಳಿಗ್ಗೆ ಆಂಡರ್ಸನ್‌ಪೇಟೆಯ ನನ್ನ ಮನೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಚಿಕ್ಕಪ್ಪ. ಗಡ್ಡ ಬೆಳೆದಿದೆ, ಅಂಗಿಯ ಗುಂಡಿ ಹಿಂದುಮುಂದಾಗಿದೆ, ಕಣ್ಣು ಕೆಂಪಗೆ.

"ಏನಾಯ್ತು ಚಿಕ್ಕಪ್ಪ?"

ಅವರು ಗೋಡೆಗೆ ಒರಗಿ ಕೂತರು. ಮನೆಯಲ್ಲಿ ಸಾವಾದವರ ದನಿಯಲ್ಲಿ ಅಂದರು:

"ರಾಗೀನೂ ನಮ್ದಲ್ವಂತೆ ಕಣಮ್ಮ."

"ಏನು?"

"ರಾಗಿ. ಆಫ್ರಿಕಾದಂತೆ."

ಕನ್ನಡಕದ ಮನುಷ್ಯ ಕೊನೆಗೂ ಅಲ್ಲಿಗೇ ಬಂದಿದ್ದ. ನನಗೆ ಇದು ಮೊದಲಿನಿಂದಲೂ ಗೊತ್ತಿತ್ತು. ನಮ್ಮ ಕಡೆಯವರಿಗೆ ಹೇಳುವ ಮಾತಲ್ಲವೆಂದು ಸುಮ್ಮನಿದ್ದೆ. ಕೋಲಾರದ ಮನುಷ್ಯನ ಮುಂದೆ ರಾಗಿ ಹೊರಗಿನದು ಅಂದರೆ ಉಳಿಯುವುದೇನು? "ಬಂದು ಸಾವಿರಾರು ವರ್ಷ ಆಗಿದೆ ಚಿಕ್ಕಪ್ಪ, ನಮ್ಮದೇ ಅಂದ್ಕೊಳ್ಳಿ" ಎಂದು ಸಮಾಧಾನ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ನಾನು ಕಾಫಿ ತಂದುಕೊಟ್ಟೆ. ಕಾಫಿ ಎಲ್ಲಿಯದೆಂದು ಅವರು ಅರ್ಧ ಗಂಟೆ ಹೇಳಬಲ್ಲರು, ನಾನು ಕೇಳಿಸಿಕೊಂಡಿದ್ದೇನೆ. ಅವತ್ತು ಗಟಗಟ ಕುಡಿದು ಲೋಟ ಕೆಳಗಿಟ್ಟರು.

"ಇನ್ನೊಂದ್ ಲೋಟ ಕೊಡಮ್ಮ. ಯಾವೂರಿಂದಾದ್ರೂ ಬಂದಿರ್ಲಿ."

ಆಗ ನನಗೆ ಅರ್ಥವಾಯಿತು. ಗಡ್ಡ ಬೆಳೆದದ್ದು ರಾಗಿಯ ದುಃಖಕ್ಕಲ್ಲ.

"ಚಿಕ್ಕಮ್ಮನ್ನ ಕರ್ಕೊಂಡು ಬರೋಣ ನಡೀರಿ" ಅಂದೆ.

"ಕರೆದ್ರೆ ಬತ್ತಾಳಾ?"

"ನೀವು ಏನಂತ ಕರೀತೀರಿ ಅನ್ನೋದರ ಮೇಲೆ."

"ಅಸು ಅಟ್ಟಹಾಸ ಮಾಡ್ತೈತೆ ಬಾ, ಅಂತೀನಿ."

ನಾನು ತಲೆ ಚಚ್ಚಿಕೊಂಡೆ. ಆದರೂ ಹೊರಟೆವು.

ಕೋರಮಂಡಲ್‌ನ ಆ ಮನೆ ತಲುಪಿದಾಗ ಚಿಕ್ಕಮ್ಮ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅವಳ ಅಮ್ಮ. ಚಿಕ್ಕಮ್ಮ ತಲೆಯೆತ್ತಿ ನೋಡಿ ಮತ್ತೆ ಸೊಪ್ಪಿನ ಕಡೆ ತಿರುಗಿದಳು. ಚಿಕ್ಕಪ್ಪ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತರು. ಒಳಗೆ ಬನ್ನಿ ಅನ್ನುವವರಿಲ್ಲ.

"ಅಸು ಆಲು ಕೊಡ್ತಿಲ್ಲ ಕಣೇ."

"ಅದರ ದೇಶದೋರ್ನ ಕರೆಸ್ಕೊ."

"ರಾಗೀನೂ..."

"ಗೊತ್ತು. ಇವಳು ಫೋನಲ್ಲಿ ಏಳಿದ್ಲು." ಚಿಕ್ಕಮ್ಮ ಗದ್ದದಿಂದಲೇ ನನ್ನ ಕಡೆ ತೋರಿಸಿದಳು. ದಾರಿಯಲ್ಲಿ ಮೆಲ್ಲಗೆ ಫೋನು ಮಾಡಿದ್ದು ನಿಜ, ನಾನು ಬೇರೆ ಕಡೆ ನೋಡಿದೆ.

ಚಿಕ್ಕಮ್ಮ ಇನ್ನೆರಡು ಸೊಪ್ಪಿನ ಕಡ್ಡಿ ಮುರಿದಳು. ನಾನು ಇನ್ನೇನು ಬಾಯಿ ಹಾಕಬೇಕು, ಅಷ್ಟರಲ್ಲಿ ಚಿಕ್ಕಮ್ಮ ಮಾತಾಡಿದಳು. ಜೋರಾಗಿ ಅಲ್ಲ. ಬೈಗುಳ ಒಂದೂ ಇರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ನಿನ್ ಜೊತೇಲಿ ನಿಮ್ಮೂರಿಗೆ ಬಂದಾಗ ಬಾವಿ ಅತ್ರ ನಿಲ್ಲಿಸ್ಕೊಂಡು ಎಲ್ರೂ ಕೇಳಿದ್ದು ಒಂದೇ ಮಾತು. ಎಲ್ಲಿಯೋಳು, ಯಾರ ಪೈಕಿ, ಯಾವಾಗ ಓಗ್ತೀಯ. ನಿಮ್ಮಮ್ಮ ವರ್ಷಗಟ್ಲೆ ನಾನು ಮಾಡಿದ್ ಸಾರು ಮುಟ್ಲಿಲ್ಲ. ನೀನೊಬ್ಬ ಕೇಳ್ಲಿಲ್ಲ. ಒಂದಿನಾನೂ ಕೇಳ್ಲಿಲ್ಲ. ಎಲ್ರ ಮುಂದೇನೂ ಕೂತ್ಕೊಂಡು ನಾನು ಇಕ್ಕಿದ್ದೆಲ್ಲಾ ಉಂಡೆ. ಅದನ್ನ ನೋಡ್ಕೊಂಡು ಆ ಊರಲ್ಲಿ ಉಳ್ಕೊಂಡೋಳು ನಾನು. ಈಗ ತಲೆ ನರೆತ ಮೇಲೆ, ದಿನಾ ತಟ್ಟೆ ಮುಂದೆ ಕೂತ್ಕೊಂಡು ಕೇಳ್ತೀಯ, ಇದೆಲ್ಲೀದು, ಅದೆಲ್ಲೀದು. ನೀನು ಟೊಮೇಟೋನ ಕೇಳ್ತಿದೀಯ, ನಂಗೂ ಗೊತ್ತು. ಆದ್ರೆ ನಂಗೆ ಅಂಗೆ ಕೇಳ್ಸಲ್ಲ ಕಣಯ್ಯಾ. ನನ್ನೇ ಕೇಳ್ದಂಗೆ ಕೇಳ್ಸ್ತದೆ."

ಚಿಕ್ಕಪ್ಪನ ಬಾಯಿ ತೆರೆಯಿತು. ಪೆರುವೋ ಬ್ರೆಜಿಲ್ಲೋ ಹೊರಬರುತ್ತದೆಂದು ನಾನು ಕಾದೆ. ಅವರು ಅಂಗಳದ ಮಣ್ಣಿನ ಮೇಲೇ ಕುಕ್ಕರಗಾಲಲ್ಲಿ ಕೂತರು, ಹೊಸ್ತಿಲಿಗಿಂತ ಒಂದು ಮೆಟ್ಟಿಲು ಕೆಳಗೆ.

"ಕೇಳೋಕೇನಿತ್ತೇ" ಅಂದರು ಕೊನೆಗೆ. "ನೀನು ಬಂದೆ. ಎಲ್ಲಿಂದ ಅಂತ ಕೇಳೋದೇ ಮರ್ತೋಯ್ತು ನಂಗೆ."

ಚಿಕ್ಕಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. ಅವಳ ಅಮ್ಮನಿಗೆ ಈ ಕನ್ನಡವೆಲ್ಲಾ ಎಷ್ಟು ಅರ್ಥವಾಯಿತೋ ಕಾಣೆ. ಮಂಜು ಕಣ್ಣನ್ನು ದನಿ ಬಂದ ಕಡೆ ತಿರುಗಿಸಿ ಕೇಳಿದರು, "ಯಾರು, ಮಾಪ್ಳೆಯಾ?"

"ಊಂ ಅತ್ತೆ." ಚಿಕ್ಕಪ್ಪ ಅವರ ಕಾಲ ಹತ್ತಿರ ಸರಿದರು. "ಅವತ್ತು ತಪ್ ಮಾತಾಡ್ಬಿಟ್ಟೆ. ಅಸಿವಾಗ್ತೈತೆ. ಏನಾದ್ರೂ ಇಕ್ಕಿ."

ಏನಾದರೂ ಅಂದರೆ ಹಿಂದಿನ ದಿನದ ಕಾರ ಕೊಳಂಬು, ತಣ್ಣನೆಯ ಅನ್ನ. ಅಜ್ಜಿ ತಾವೇ ತಡವಿ ತಡವಿ ಬಡಿಸಿದರು. ಚಿಕ್ಕಮ್ಮನ ತಮ್ಮನ ಮಗಳು ನೀರು ತಂದಿಟ್ಟಳು, ಕೈಯ ಬಳೆಗಳು ಗಲಗಲ ಅಂದವು. ಚಿಕ್ಕಪ್ಪ ಅವಳಿಗೂ ಕೈಮುಗಿದರು. ಹುಡುಗಿ ನಾಚಿ ಒಳಗೆ ಓಡಿದಳು. ಇಷ್ಟು ದಿನ ಉಪವಾಸವಿದ್ದವರಂತೆ ಉಂಡರು ಮಹಾರಾಯರು! ಮತ್ತೆರಡು ಸಲ ಕೊಳಂಬು ಹಾಕಿಸಿಕೊಂಡರು.

ಕೈ ತೊಳೆಯುವ ಹೊತ್ತಿಗೆ ಚಿಕ್ಕಮ್ಮ ಸೀರೆ ಬದಲಿಸಿ, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನೀನೂ ಬಾರೇ, ಊರಿನ ತನಕ" ಅಂದಳು ನನಗೆ. "ಇವನನ್ನ ನಂಬಕ್ಕಾಗಲ್ಲ, ರೈಲಲ್ಲಿ ಯಾರ ಪ್ಯಾಂಟು ಬಿಚ್ಚಿಸ್ತಾನೋ!"

ಮೂವರೂ ರೈಲು ಹತ್ತಿದೆವು. ಜನ ಕಡಿಮೆಯಿತ್ತು. ಚಿಕ್ಕಮ್ಮ ಕಿಟಕಿಯ ಪಕ್ಕ, ಅವಳ ಪಕ್ಕ ಚಿಕ್ಕಪ್ಪ, ಎದುರಿಗೆ ನಾನು. ಗಾಡಿ ಹೊರಟಿತು. ಕಿಟಕಿಯಾಚೆ ಸೈನೈಡ್ ದಿಬ್ಬಗಳು, ಸಂಜೆಯ ಬಿಸಿಲಿಗೆ ಬೂದಿಬಣ್ಣ ಹೋಗಿ ಹಳದಿಯಾಗಿದ್ದವು. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು. ಚಿಕ್ಕಮ್ಮನ ಅಪ್ಪ, ಅವರಪ್ಪ, ಲೈನಿನ ಮನೆಮನೆಯ ಗಂಡಸರು ನೆಲದ ಅಡಿಯಿಂದ ಮೇಲಕ್ಕೆ ಕಳಿಸಿದ ಕಲ್ಲು ಅದು. ಚಿಕ್ಕಮ್ಮ ಕಂಬಿಗೆ ಹಣೆ ಒತ್ತಿಕೊಂಡು ನೋಡುತ್ತಿದ್ದಳು. ಮದುವೆಯಾಗಿ ಬಂದ ದಿನವೂ ಹೀಗೇ ನೋಡಿದ್ದಳೋ ಏನೋ, ನಾನು ಕೇಳಲಿಲ್ಲ.

ಡಬ್ಬಿಯಲ್ಲಿ ಯಾರೋ ಕಡಲೆಕಾಯಿ ಮಾರಿಕೊಂಡು ಬಂದರು. ನಮ್ಮ ಮುಂದೆಯೇ ನಿಂತು ಕೂಗಿದರು. ಚಿಕ್ಕಪ್ಪನ ಕಿವಿಗೆ ಬೀಳಲೇ ಇಲ್ಲ. ಅವರು ಹೆಂಡತಿಯ ಭುಜದ ಮೇಲಿನಿಂದ ಅವಳು ನೋಡುತ್ತಿದ್ದುದನ್ನೇ ನೋಡುತ್ತಾ ಕೂತಿದ್ದರು. ದಿಬ್ಬಗಳು ಹಿಂದಕ್ಕೆ ಸರಿದು, ನೀಲಗಿರಿ ತೋಪು ಬಂದು, ಎಲ್ಲಾ ಮರೆಯಾಯಿತು.

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಕ್ಕೆ ತಿರುಗಿದಳು. ಚಿಕ್ಕಪ್ಪ ಅವಳ ಮಡಿಲಲ್ಲಿದ್ದ ಚೀಲವನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಮುಂದಿನ್ ವಾರ ಮತ್ತೆ ಬರೋಣ" ಅಂದರು. "ಅಮ್ಮನ್ನ ನೋಡ್ಕೊಂಡು ಓಗಣ."